ಡ್ರೈಯರ್ ಪೈಪಿನ ಇನ್ನೊಂದು ತುದಿ

ಕೆಲವರಿಗೆ ಹೋದಲ್ಲೆಲ್ಲ ನೆಂಟರು ಸಿಗುತ್ತಾರೆ. ನನಗೆ ಯಾವ ದೇಶಕ್ಕೆ ಹೋದರೂ ಒಂದು ಪೈಪು ಕಾದುಕೊಂಡು ಕೂತಿರುತ್ತದೆ. ಮಸ್ಕತ್ತಿನಲ್ಲಿ ನನ್ನ ಮಂಚದ ಮೇಲೇ ತೊಟ್ಟಿಕ್ಕುತ್ತಿದ್ದ ಏಸಿ ಪೈಪು. ಸಿಂಗಪುರದಲ್ಲಿ ಬಟ್ಟೆ ಒಣಹಾಕುವ ಬಿದಿರಿನ ಗಳ ಸಿಕ್ಕಿಸಲು ಕಿಟಕಿಯಾಚೆ ಇದ್ದ ಪೈಪು. ಗಳ ಜಾರಿ ನನ್ನ ಸೀರೆ ಕೆಳಗಿನವರ ಬೋನ್ಸಾಯ್ ಗಿಡಕ್ಕೆ ಸುತ್ತಿಕೊಂಡು ದೊಡ್ಡ ರಾದ್ಧಾಂತವಾಗಿತ್ತು. ನ್ಯೂಜೆರ್ಸಿಯಲ್ಲಿ ಬಟ್ಟೆ ಒಣಗಿಸುವ ಡ್ರೈಯರಿನ ಪೈಪು.

ನನ್ನನ್ನು ಹಾಳು ಮಾಡಿದ್ದು ಆ ನ್ಯೂಜೆರ್ಸಿಯೇ. ಅಲ್ಲಿ ಮನೆ ಪರೀಕ್ಷೆಗೆ ಬಂದ ಅಧಿಕಾರಿ ಟಾರ್ಚ್ ಹಿಡಿದು ನೆಲದ ಮೇಲೆ ಉದ್ದಕ್ಕೆ ಮಲಗಿ ನನ್ನ ಡ್ರೈಯರಿನ ಹಿಂಭಾಗ ನೋಡಿದ. ಪೈಪು ಲೋಹದ್ದಿರಬೇಕು, ಒಳಗೆ ನುಣುಪಾಗಿರಬೇಕು, ಉದ್ದ ಕಮ್ಮಿಯಿರಬೇಕು. ಒಂದೊಂದು ತಿರುವಿಗೂ ಇಷ್ಟಿಷ್ಟು ಅಡಿ ಕಳೆಯುತ್ತಾರೆ, ಸಂಬಂಧ ಹುಡುಕುವವರು ಹುಡುಗಿಯ ಬಣ್ಣ, ಎತ್ತರ, ವಯಸ್ಸಿಗೆಲ್ಲ ಅಂಕ ಕಳೆದ ಹಾಗೆ. ಒಳಗೆ ಸ್ಕ್ರೂ ಮೊನೆ ಚಾಚಿರಬಾರದು. ಬಟ್ಟೆಯ ಹತ್ತಿಧೂಳು ಅದಕ್ಕೆ ಸಿಕ್ಕಿ ಕೂತು ಒಂದು ದಿನ ಬೆಂಕಿ ಹತ್ತುತ್ತದೆ. ಬಾಯಿಗೆ ಜಾಲರಿ ಹಾಕಬಾರದು. ಅಟ್ಟಕ್ಕೆ, ಗೋಡೆಯೊಳಕ್ಕೆ, ಹೊಗೆಗೂಡಿಗೆ ಬಿಡಬಾರದು. ಎದ್ದು ಮೈ ಕೊಡವಿಕೊಂಡು ಆತ ಸಾರಾಂಶ ಹೇಳಿದ: "ಅಮ್ಮಾ, ಇದರ ಬಾಯಿ ಆಕಾಶ ನೋಡಬೇಕು. ಮಿಕ್ಕಿದ್ದೆಲ್ಲ ವಿವರ."

ಬಿಸಿ ಒದ್ದೆ ಗಾಳಿ ಮನೆಯಿಂದ ಹೊರಗೆ ಹೋಗಬೇಕು, ಅಷ್ಟೇ. ಇಷ್ಟು ಸಣ್ಣ ಮಾತು ಆಡಿದ್ದಕ್ಕೆ ಐರ್ಲೆಂಡಿನಲ್ಲಿ ಗಾಳಿಗಿಂತ ಮೊದಲು ನಾವೇ ಹೊರಗೆ ಹೋದೆವು.

ವಧುಪರೀಕ್ಷೆ

ಐರ್ಲೆಂಡಿನ ಗಾಲ್ವೇ ಊರಿನಲ್ಲಿ ಬಾಡಿಗೆ ಮನೆ ನೋಡುವುದೆಂದರೆ ಹೆಣ್ಣು ನೋಡುವ ಶಾಸ್ತ್ರವೇ. ವ್ಯತ್ಯಾಸ ಇಷ್ಟೇ: ಹೆಣ್ಣು ನಾವು, ಮನೆಯವರದು ಗಂಡಿನ ಕಡೆ. ಮೆಟ್ಟಿಲ ಮೇಲೆ ಸಾಲಾಗಿ ನಿಂತು, ಹಳೇ ಮಾಲೀಕರು ಕೊಟ್ಟ ನಡತೆಯ ಸರ್ಟಿಫಿಕೇಟು ಎದೆಗವಚಿಕೊಂಡು, ಕೇಳಿದ್ದಕ್ಕೆಲ್ಲ ತಲೆ ಬಗ್ಗಿಸಿ ಹೂಂ ಅನ್ನಬೇಕು. ಒಂದು ಹಾಡು ಹೇಳಮ್ಮ ಅಂದಿದ್ದರೆ ಅದನ್ನೂ ಹೇಳುತ್ತಿದ್ದೆ.

ಜೊತೆಗೆ ನನ್ನ ಅಕ್ಕನ ಮಗಳಿದ್ದಳು. ಇಲ್ಲೇ ಎಂ.ಎಸ್. ಮುಗಿಸಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದವಳು. ಚಿಕ್ಕಂದಿನಿಂದ ವೀಸಿಂಗ್. ಪರ್ಸಿನಲ್ಲಿ ಬಾಚಣಿಗೆ ಮರೆತಾಳು, ಇನ್‌ಹೇಲರ್ ಮರೆಯಳು. ಅವಳನ್ನು ನನಗೆ ಒಪ್ಪಿಸುವಾಗ ಅಕ್ಕ ಫೋನಿನಲ್ಲಿ ಅಂದಿದ್ದಳು: "ಓದು, ಕೆಲಸ, ಮದುವೆ, ಯಾವುದೂ ನಿನ್ನ ತಲೆಗೆ ಕಟ್ಟಲ್ಲ ಕಣೇ. ಅವಳು ಉಸಿರಾಡ್ಕೊಂಡಿರೋ ಹಾಗೆ ನೋಡ್ಕೋ, ಸಾಕು." ಒಂದೇ ವಿಳಾಸದಲ್ಲಿ ಎರಡು ಯುಗಾದಿ ಮಾಡಿದವಳಲ್ಲ ನಾನು. ಈ ಹುಡುಗಿಯ ಸಲುವಾಗಿ ಒಂದು ಕಡೆ ಬೇರು ಬಿಡೋಣ ಅಂತ ಮೊದಲ ಸಲ ಮನಸ್ಸು ಮಾಡಿದ್ದೆ.

ಮಾಲೀಕ ಅರವತ್ತರ ಆಸುಪಾಸಿನ, ಮೃದು ಮಾತಿನ ಮನುಷ್ಯ. ಅಡುಗೆಮನೆಯಲ್ಲಿ ಡ್ರೈಯರಿನ ಬೆನ್ನು ಹಸುವಿನ ಬೆನ್ನು ತಟ್ಟಿದ ಹಾಗೆ ತಟ್ಟಿ, "ಈ ಮನೆಗೆ ಸ್ವಂತ ಅಂಗಳ ಇಲ್ಲ ನೋಡಿ. ಅಂಗಳ ಇಲ್ಲದ ಬಾಡಿಗೆ ಮನೆಗೆ ಡ್ರೈಯರ್ ಕೊಡಬೇಕು ಅಂತ ಕಾನೂನು. ಕೊಟ್ಟಿದ್ದೀನಿ" ಅಂದ.

ನಾನು ಬಗ್ಗಿ ನೋಡಿದೆ. ಬೆಳ್ಳಿ ಬಣ್ಣದ ದಪ್ಪ ಪೈಪು ಯಂತ್ರದ ಹಿಂದಿನಿಂದ ಹೊರಟು ಪಕ್ಕದ ಕಪಾಟಿನೊಳಗೆ ಮಾಯವಾಗಿತ್ತು.

"ಇದರ ಇನ್ನೊಂದು ತುದಿ ಎಲ್ಲಿದೆ?"

ಹೆಣ್ಣೇ ಬಾಯಿ ಬಿಟ್ಟು ಗಂಡಿನ ಸಂಬಳ ಕೇಳಿದರೆ ಹೇಗೆ ನೋಡುತ್ತಾರೋ ಹಾಗೆ ನೋಡಿದ. "ಅದು ಗ್ರ್ಯಾಂಡ್ ಆಗಿದೆ."

ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಅಂದರೆ ‘ಎಲ್ಲ ಸರಿಯಿದೆ, ಮಾತು ಮುಗಿಯಿತು’ ಅಂತ.

"ಎಲ್ಲಿ ಗ್ರ್ಯಾಂಡ್ ಆಗಿದೆ?"

ಹುಡುಗಿ ನನ್ನ ತೋಳು ಚಿವುಟಿದಳು. "ಸುಮ್ನಿರಿ ಚಿಕ್ಕಮ್ಮ. ಹಿಂದೆ ನಿಂತಿರೋರು ಪೈಪ್ ಇಲ್ದಿದ್ರೂ ತಗೋತಾರೆ."

ಹಿಂದೆ ನಿಂತಿದ್ದವನು ಅಚ್ಚ ಮೈಸೂರು ಕನ್ನಡದಲ್ಲಿ ಉತ್ತರ ಕೊಟ್ಟ: "ಬಾಗ್ಲು ಇಲ್ದಿದ್ರೂ ತಗೋತೀವಿ ಅಕ್ಕ."

ಸಾಫ್ಟ್‌ವೇರ್ ಎಂಜಿನಿಯರು. ಆ ಮನೆ ನಮಗೇ ಆಯಿತು. ಅವನಿಗೆ ಅದೇ ಕಟ್ಟಡದ ನೆಲಮಹಡಿಯಲ್ಲಿ ಒಂದೇ ಕೋಣೆಯ ಮನೆ ಸಿಕ್ಕಿತು. ಅದಕ್ಕೆ ಬಾಗಿಲಿತ್ತು. ಕಿಟಕಿ ಮಾತ್ರ ಬಾಗಿಲಿನಲ್ಲೇ ಇತ್ತು.

ಉಸಿರಾಡಲು ಅನುಮತಿ

ಚಳಿ ಶುರುವಾದ ಮೇಲೆ ಹುಡುಗಿಯ ಕೋಣೆಯ ಚಾವಣಿಯಲ್ಲಿ ಮೊದಲು ಸಾಸಿವೆ ಸಿಡಿದ ಹಾಗೆ ಚುಕ್ಕಿ ಬಂತು. ಆಮೇಲೆ ಅಂಗೈಯಗಲದ ಬೂಷ್ಟು. ಆಮೇಲೆ ದೋಸೆ ಹೆಂಚಿನ ತಳ. ಅದರ ಸರಿ ಕೆಳಗೆ ಅವಳ ದಿಂಬು. ದಿಂಬನ್ನು ಈ ಕಡೆ ಹಾಕಿದರೆ ಬೂಷ್ಟೂ ಈ ಕಡೆ ಬರುತ್ತಿತ್ತು, ಸಾಕಿದ ಬೆಕ್ಕಿನ ಹಾಗೆ. ಹುಡುಗಿಯ ಕೆಮ್ಮು ಹಳೇ ಸ್ಕೂಟರು ಕಿಕ್ ಹೊಡೆದ ಹಾಗೆ ಕೇಳುತ್ತಿತ್ತು.

ನನ್ನ ಕೆಲಸ ಏನು ಗೊತ್ತೇ? ರಕ್ತನಾಳದೊಳಗೆ ಇಡುವ ಉಪಕರಣಗಳನ್ನು ಮಾಡುವ ಕಾರ್ಖಾನೆಗಳಿಗೆ ಹೋಗಿ ಅವುಗಳ ಸ್ವಚ್ಛತೆ ಪರೀಕ್ಷಿಸುವುದು. ಒಂದು ಕೂದಲು ಕಂಡರೆ ಇಡೀ ಕೋಣೆಯ ಕೆಲಸ ನಿಲ್ಲಿಸುತ್ತೇನೆ. ಸಂಜೆ ಮನೆಗೆ ಬಂದು ಬ್ಲೀಚಿನಲ್ಲಿ ಅದ್ದಿದ ಬಟ್ಟೆ ಹಿಡಿದು ಚಾವಣಿ ಒರೆಸಲು ಮಂಚ ಹತ್ತುತ್ತೇನೆ.

ಕರೆದ ಮೇಲೆ ಮಾಲೀಕ ಬಂದ. ಚಾವಣಿ ನೋಡಲಿಲ್ಲ, ನಮ್ಮನ್ನು ನೋಡಿದ.

"ಅಡುಗೆ ಮಾಡ್ತೀರಾ?"

"ಮಾಡ್ತೀವಿ."

"ಕುದಿಸ್ತೀರಾ?"

"ಸಾರು ಕುದಿಸದೆ ಮಾಡೋ ವಿದ್ಯೆ ನಮ್ಮಲ್ಲಿಲ್ಲ."

"ಸ್ನಾನ?"

"ದಿನಾ."

"ದಿನಾ!" ಆತನಿಗೆ ನಿಜವಾಗಿ ಸಂಕಟವಾಯಿತು. "ರಾತ್ರಿ ಕಿಟಕಿ ಮುಚ್ಕೊಂಡು ಮಲಗ್ತೀರಾ?"

"ಡಿಸೆಂಬರ್ ತಿಂಗಳು."

"ಅಲ್ಲೇ ಇರೋದು. ಇಬ್ಬರೂ ರಾತ್ರಿಯೆಲ್ಲ ಉಸಿರಾಡ್ತೀರಿ. ಉಸಿರಲ್ಲಿ ನೀರಿರುತ್ತೆ. ಅದು ಮೇಲೆ ಹೋಗಿ ಕೂರುತ್ತೆ."

"ಡ್ರೈಯರಿನ ಗಾಳಿ ಎಲ್ಲಿಗೆ ಹೋಗಿ ಕೂರುತ್ತೆ?"

"ಅದು ಗ್ರ್ಯಾಂಡ್ ಆಗಿದೆ."

ಆತ ಹೋದ ಮೇಲೆ ನಾನು ಅಗ್ರಿಮೆಂಟು ತೆಗೆದು ನೋಡಿದೆ. ನಾಯಿ ಸಾಕಬಾರದು, ಮೊಳೆ ಹೊಡೆಯಬಾರದು, ಬಾಲ್ಕನಿಯಲ್ಲಿ ಬಟ್ಟೆ ಹಾಕಬಾರದು ಅಂತಿತ್ತು. ಉಸಿರಿನ ವಿಚಾರ ಇರಲಿಲ್ಲ.

"ಸರದಿ ಮಾಡ್ಕೊಳ್ಳೋಣ ಚಿಕ್ಕಮ್ಮ," ಅಂದಳು ಹುಡುಗಿ ಕೆಮ್ಮುತ್ತಾ. "ಹೇಗೂ ನಂದು ಅರ್ಧ ಬಂದ್ ಆಗಿದೆ. ಇವತ್ತು ನೀವೇ ಆಡಿ."

ಗುರುವಾರದ ಬಟ್ಟೆ

ಪೈಪಿನ ಇನ್ನೊಂದು ತುದಿ ಎಲ್ಲಿದೆ ಅಂತ ನನಗೆ ತಿಳಿಸಿದ್ದು ಮೇಲಿನ ಮನೆಯ ಅಜ್ಜಿ. ಒಂಟಿ ಹೆಂಗಸು, ಬೆಳ್ಳಿಕೂದಲು, ಕಾಲಿಗೆ ತುಪ್ಪಳದ ಚಪ್ಪಲಿ. ಒಂದು ದಿನ ತಾನೇ ಮಾಡಿದ ಆಪಲ್ ಟಾರ್ಟ್ ಹಿಡಿದು ಕೆಳಗೆ ಬಂದಳು.

"ನೀವಿಬ್ಬರೂ ಬಂದಾಗಿನಿಂದ ನನ್ನ ಜೀವಕ್ಕೆ ಸುಖ ಕಣಮ್ಮ," ಅಂದಳು. "ನಿಮಗಿಂತ ಮುಂಚೆ ಇದ್ದ ಹುಡುಗರು ಬಟ್ಟೇನೇ ಒಗೀತಿರಲಿಲ್ಲ. ನೀವು ಮೆಷಿನ್ ಹಾಕಿದ ತಕ್ಷಣ ನನ್ನ ಹಾಲ್‌ನ ನೆಲ ಬೆಚ್ಚಗಾಗುತ್ತೆ. ಚಪ್ಪಲಿ ಬಿಟ್ಟು ಓಡಾಡ್ತೀನಿ."

ಟಾರ್ಟಿಗೆ ಚಾಚಿದ ನನ್ನ ಕೈ ಹಾಗೇ ನಿಂತಿತು. ಅವಳ ನೆಲ ಅಂದರೆ ನಮ್ಮ ಚಾವಣಿ. ಅವಳ ಹಾಲ್ ಅಂದರೆ ಹುಡುಗಿಯ ದಿಂಬಿನ ನೆತ್ತಿ. ನಮ್ಮ ಸೀರೆ, ಟವೆಲು, ಒಳಉಡುಪುಗಳ ಒದ್ದೆ ಬಿಸಿಯೆಲ್ಲ ನಮ್ಮ ಚಾವಣಿಗೂ ಅವಳ ನೆಲಕ್ಕೂ ನಡುವಿನ ಸಂದಿಯಲ್ಲಿ ವಿಹಾರ ಮಾಡುತ್ತಿತ್ತು. ಬಿಸಿ ಅಜ್ಜಿಗೆ, ಒದ್ದೆ ಹುಡುಗಿಗೆ.

ವಿವರಿಸಿ ಹೇಳೋಣ ಅಂತ ಬಾಯಿ ತೆರೆದೆ. ಅಜ್ಜಿ ಮುಂದುವರಿಸಿದಳು: "ಒಂದು ಉಪಕಾರ ಮಾಡ್ತೀಯಾ? ಗುರುವಾರ ನನ್ನ ಗೆಳತಿಯರು ಇಸ್ಪೀಟಿಗೆ ಬರ್ತಾರೆ. ಎಲ್ಲರಿಗೂ ಮಂಡಿನೋವು. ಬಟ್ಟೆ ಗುರುವಾರ ಹಾಕಿದರೆ…"

ಏಳು ಊರಿನ ನೀರು ಕುಡಿದವಳು ನಾನು. ಏರ್‌ಪೋರ್ಟುಗಳಲ್ಲಿ ಪೊಲೀಸರ ಜೊತೆ ಜಗಳವಾಡಿದ್ದೇನೆ. ಟಾರ್ಟ್ ಹಿಡಿದು ನಿಂತ ಮುದುಕಿಗೆ ಇಲ್ಲ ಅನ್ನಲು ಮಾತ್ರ ಬರಲಿಲ್ಲ.

ಆ ಗುರುವಾರ ಮೇಲಿನಿಂದ ನಗು, ಕೆಳಗಿನಿಂದ ಕೆಮ್ಮು. ಹುಡುಗಿ ಇನ್‌ಹೇಲರ್ ಅಲ್ಲಾಡಿಸುತ್ತಾ ಅಂದಳು: "ಕೇಳಿ ಚಿಕ್ಕಮ್ಮ, ಮೇಲೆ ಯಾರೋ ಗೆದ್ರು."

ಪೆಟ್ರೋಲ್ ಬಂಕಿನ ಯಾತ್ರೆ

ಡ್ರೈಯರನ್ನೇ ನಿಲ್ಲಿಸಿದರೆ? ನಿಲ್ಲಿಸಿದೆವು. ಈ ದೇಶದಲ್ಲಿ ಪೆಟ್ರೋಲ್ ಬಂಕಿನ ಅಂಗಳದಲ್ಲಿ ದೊಡ್ಡ ದೊಡ್ಡ ವಾಷಿಂಗ್ ಮೆಷಿನ್ನು, ಡ್ರೈಯರು ಬಯಲಿನಲ್ಲೇ ನಿಲ್ಲಿಸಿರುತ್ತಾರೆ. ನಾನು ಊರಿನಲ್ಲಿದ್ದಾಗಲೆಲ್ಲ ಒದ್ದೆ ಬಟ್ಟೆಯ ಚೀಲ ಕಾರಿಗೆ ಹಾಕಿಕೊಂಡು ಹೊರಟೆವು. ಒಣಗಿಸಿದ ಬಟ್ಟೆಯನ್ನು ಮೆಷಿನ್ನಿನಿಂದ ಕಾರಿಗೆ ಒಯ್ಯುವ ಆ ಹತ್ತು ಹೆಜ್ಜೆಯಲ್ಲಿ ಗಾಲ್ವೇ ಮಳೆ ಅದನ್ನು ಮತ್ತೆ ಒದ್ದೆ ಮಾಡಿಕೊಡುತ್ತಿತ್ತು. ಪಕ್ಕದಲ್ಲಿ ಡೀಸೆಲ್ ಹಾಕಿಸುತ್ತಿದ್ದವರು ನನ್ನ ನೈಟಿಗಳನ್ನು ಗೌರವದಿಂದ ನೋಡುತ್ತಿದ್ದರು.

ಆದರೆ ಹುಡುಗಿಯ ಕೆಮ್ಮು ಇಳಿಯಿತು. ಇಳಿದೇ ಇಳಿಯಿತು. ಎರಡು ವಾರಕ್ಕೆ ಅವಳು ಬಚ್ಚಲಲ್ಲಿ ಹಾಡು ಗುನುಗುವುದು ಕೇಳಿ ಅಕ್ಕನಿಗೆ ಫೋನ್ ಮಾಡಿ ಕೇಳಿಸಿದೆ. ಕಾಯಿಲೆ ಹುಡುಗಿಯದಲ್ಲ, ಪೈಪಿನದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ?

ಬಾಗಿಲು ಬಡಿಯಿತು. ಅಜ್ಜಿ. ಕಾಲಿಗೆ ಚಪ್ಪಲಿ, ಅದರೊಳಗೆ ಎರಡು ಜೊತೆ ಕಾಲುಚೀಲ. ಮುಖದಲ್ಲಿ ನಿಜವಾದ ಕಳವಳ.

"ಎಲ್ಲ ಕ್ಷೇಮ ತಾನೆ ಮಗಳೇ? ಬಟ್ಟೆ ಒಗೆಯೋದು ನಿಲ್ಲಿಸಿದ್ದೀರಲ್ಲ. ಮನೇಲಿ ಏನಾದರೂ ದುಃಖದ ಸಮಾಚಾರವೇ?"

ಬಳಗದ ಸಲಹೆ

ನಾನು ಕೆಲಸದ ಮೇಲೆ ಊರೂರು ತಿರುಗುವವಳು. ನಾನಿಲ್ಲದಾಗ ಹುಡುಗಿ ಬಂಕಿಗೆ ಹೋಗಲಾರಳು, ಅವಳಿಗೆ ಕಾರಿಲ್ಲ. ಮತ್ತೆ ಮನೆಯ ಡ್ರೈಯರು, ಮತ್ತೆ ಕೆಮ್ಮು. ಕೊನೆಗೆ ಊರಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಬರೆದೆ: "ನಮ್ಮ ಡ್ರೈಯರ್ ಪೈಪನ್ನು ಹೊರಗೆ ಒಯ್ಯದೆ ಚಾವಣಿಯೊಳಗೆ ಬಿಟ್ಟಿದ್ದಾರೆ. ಚಾವಣಿ ಬೂಷ್ಟು ಹಿಡಿದಿದೆ, ಹುಡುಗಿಗೆ ಉಸಿರು ಕಟ್ಟುತ್ತಿದೆ. ಏನು ಮಾಡಬಹುದು?"

ನಮ್ಮ ಬಳಗ ಇಷ್ಟು ಚುರುಕು ಅಂತ ನನಗೆ ಗೊತ್ತಿರಲಿಲ್ಲ.

"ಅಯ್ಯೋ ಪಾಪ. ಮನೆ ಬಿಡ್ತಿದ್ದೀರಾ ಅಕ್ಕ?"

"ಯಾವ ಏರಿಯಾ? ಎಷ್ಟು ಬೆಡ್‌ರೂಮು?"

"ಟೇಕ್ ಕೇರ್ ಮೇಡಂ. ಸೋಫಾ ಮಾರೋದಿದ್ರೆ ಹೇಳಿ."

"ನಮ್ಮ ಕಸಿನ್ ಡಬ್ಲಿನ್ ಹತ್ರದ ಟಾಲಾದಿಂದ ಗಾಲ್ವೇಗೆ ಶಿಫ್ಟ್ ಆಗ್ತಿದ್ದಾನೆ. ಅವನಿಗೆ ಬೂಷ್ಟು ಅಭ್ಯಾಸ ಇದೆ."

ಕೆಳಗಿನ ಮನೆಯ ಎಂಜಿನಿಯರ್ ಮಾತ್ರ ಮೇಲೆ ಬಂದು ಖುದ್ದು ಪೈಪು ನೋಡಿದ. ಕೈ ಹಿಂದೆ ಕಟ್ಟಿಕೊಂಡು, ದೇವಸ್ಥಾನದಲ್ಲಿ ಶಿಲ್ಪ ನೋಡಿದ ಹಾಗೆ ನೋಡಿದ. "ಏನ್ ಹೀಟ್ ವೇಸ್ಟ್ ಆಗ್ತಿದೆ ಅಕ್ಕ! ಇದನ್ನ ಎಲ್ಲಾದ್ರೂ ಉಪಯೋಗಿಸ್ಬೋದಿತ್ತು."

"ಮಾರಾಯ, ಹೊರಗೆ ಬಿಟ್ಟರೆ ಸಾಕು."

"ಕಂಪ್ಲೇಂಟ್ ಗಿಂಪ್ಲೇಂಟ್ ಎಲ್ಲ ಕೊಡೋಕೆ ಹೋಗ್ಬೇಡಿ ಅಕ್ಕ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಇಂಥ ಮನೆ ಸಿಗೋದು ಕಷ್ಟ." ಹೇಳುತ್ತಾ ಹುಡುಗಿಯ ಕೋಣೆಯನ್ನು ಕಣ್ಣಳತೆಯಲ್ಲೇ ಅಳೆದ. "ನಮ್ಮನೆಯವ್ಳು ಮಗೂನ ಕರ್ಕೊಂಡು ಜೂನ್‌ನಲ್ಲಿ ಬರ್ತಾಳೆ. ತೊಟ್ಟಿಲು ಇಲ್ಲಿ ಹಿಡಿಸತ್ತೆ ಅಲ್ವಾ?"

ಹಾಟ್ ಪ್ರೆಸ್

ನಾನು ಕಂಪ್ಲೇಂಟ್ ಕೊಟ್ಟೆ. ಬಾಡಿಗೆ ಮನೆಗಳನ್ನು ಪರೀಕ್ಷಿಸುವ ಅಧಿಕಾರಿ ಯುಗಾದಿಯ ವಾರ, ಶುಕ್ರವಾರ ಬೆಳಿಗ್ಗೆ ಬರುವುದೆಂದಾಯಿತು. ಅದೇ ವಾರ ನನಗೆ ಪೋಲೆಂಡಿನ ಒಂದು ಕಾರ್ಖಾನೆಯಲ್ಲಿ ಕೆಲಸ ಬಿತ್ತು. ಶುಕ್ರವಾರ ಬೆಳಗ್ಗಿನ ಹೊತ್ತಿಗೆ ಬರ್ತೀನಿ, ಏನನ್ನೂ ಮುಟ್ಟಬೇಡ ಅಂತ ಹುಡುಗಿಗೆ ಹೇಳಿ ಹೋದೆ. ಅವಳು ಏನನ್ನೂ ಮುಟ್ಟಲಿಲ್ಲ. ಅದು ನಿಜ.

ಡಬ್ಲಿನ್ ಏರ್‌ಪೋರ್ಟಿನಿಂದ ಬಸ್ಸಿನಲ್ಲಿ ಬಂದು, ಸೂಟ್‌ಕೇಸ್ ಎಳೆಯುತ್ತಾ ಮೆಟ್ಟಿಲು ಹತ್ತಿದಾಗ ಅಧಿಕಾರಿಯೂ ಮಾಲೀಕನೂ ಬಾಗಿಲಲ್ಲೇ ಇದ್ದರು. ಅಧಿಕಾರಿ ನಡುವಯಸ್ಸಿನ ಹೆಂಗಸು. ಬಂದವಳೇ ಟಾರ್ಚ್ ತೆಗೆದು ಡ್ರೈಯರಿನ ಹಿಂದೆ ನೆಲದ ಮೇಲೆ ಉದ್ದಕ್ಕೆ ಮಲಗಿದಳು. ಪೈಪಿಗಾಗಿ ನೆಲದ ಮೇಲೆ ಮಲಗುವವರನ್ನು ಕಂಡರೆ ನನಗೆ ಕಣ್ಣು ತುಂಬಿ ಬರುತ್ತದೆ.

"ಮೊದಲು ಚಾವಣಿ ನೋಡಿ," ಅಂತ ಹುಡುಗಿಯ ಕೋಣೆಯ ಬಾಗಿಲು ತೆರೆದೆ.

ಚಾವಣಿ ಹಾಲಿನ ಹಾಗೆ ಬೆಳ್ಳಗಿತ್ತು. ಹೊಸ ಪೇಂಟಿನ ವಾಸನೆ.

"ಮಂಗಳವಾರ ನಾನೇ ಬಂದು ಬಳಿದುಕೊಟ್ಟೆ," ಅಂದ ಮಾಲೀಕ, ವಿನಯದಿಂದ. "ಹುಡುಗಿ ಪಾಪ ಕೆಮ್ತಾಳೆ."

ಇರಲಿ, ಪೈಪು ಸುಳ್ಳು ಹೇಳುವುದಿಲ್ಲ ಅಂದುಕೊಂಡೆ. ಅಧಿಕಾರಿ ಪೈಪಿನ ಜಾಡು ಹಿಡಿದು ಕಪಾಟು ತೆರೆದಳು. "ಓಹೋ," ಅಂದಳು. "ಈ ಜಾಯಿಂಟು ಯಾರು ಮಾಡಿದ್ದು? ನುಣುಪಾದ ಲೋಹದ ಪೈಪು, ಒಂದೇ ತಿರುವು, ಕ್ಲ್ಯಾಂಪ್, ಒಂದು ಸ್ಕ್ರೂ ಮೊನೆ ಒಳಗಿಲ್ಲ. ಇಷ್ಟು ಚೆನ್ನಾದ ಕೆಲಸ ನಾನು ನೋಡೇ ಇಲ್ಲ."

ನಾನೂ ನೋಡಿರಲಿಲ್ಲ. ನಾನು ಹೋಗುವಾಗ ಅಲ್ಲಿದ್ದದ್ದು ಮೇಲಕ್ಕೆ ಹತ್ತುವ ಸುಕ್ಕುಸುಕ್ಕಿನ ಪೈಪು. ಈಗ ಅದು ಬಿಚ್ಚಿ ಬಿದ್ದಿತ್ತು. ಈ ಹೊಸ ಪೈಪು ಕಪಾಟಿನ ಹಿಂದಿನ ತೂತಿನಿಂದ ಆ ಕಡೆಗೆ, ಹಾಟ್ ಪ್ರೆಸ್ಸಿಗೆ ನುಗ್ಗಿತ್ತು. ಹಾಟ್ ಪ್ರೆಸ್ ಅಂದರೆ ಇಲ್ಲಿನ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕ್ ಇಡುವ ಕಪಾಟು. ನಮ್ಮ ಮನೆಯದು ಹೆಸರಿಗಷ್ಟೇ ಹಾಟು.

ಅಧಿಕಾರಿ ಅದರ ಬಾಗಿಲು ಎಳೆದಳು.

ಒಳಗೆ ಮೂರು ಬಕೆಟ್. ಮೂರರಿಂದಲೂ ಇಡ್ಲಿ ಹಿಟ್ಟು ಉಬ್ಬಿ, ಮುಚ್ಚಳ ಎತ್ತಿ, ಅಂಚು ದಾಟಿ, ನಮ್ಮ ಮಡಿಸಿಟ್ಟ ಟವೆಲುಗಳ ಮೇಲೆ ನಿಧಾನವಾಗಿ ಇಳಿಯುತ್ತಿತ್ತು. ಮೇಲ್ಪದರಕ್ಕೆ ಹತ್ತಿಧೂಳಿನ ತೆಳು ಹೊದಿಕೆ. ಹುಳಿ ಬಿಸಿಗಾಳಿ ನಮ್ಮೆಲ್ಲರ ಮುಖಕ್ಕೆ ಬಡಿಯಿತು.

ನಾನು ಹುಡುಗಿಯನ್ನು ನೋಡಿದೆ. ಹುಡುಗಿ ಬಾಗಿಲನ್ನು ನೋಡಿದಳು. ಬಾಗಿಲಲ್ಲಿ ಎಂಜಿನಿಯರು ಸೌಟು ಹಿಡಿದು ನಿಂತಿದ್ದ.

"ನಾಳೆ ಯುಗಾದಿ ಕೂಟಕ್ಕೆ ಇಡ್ಲಿ ಜವಾಬ್ದಾರಿ ನಂದು ಅಕ್ಕ. ನಮ್ಮನೆ ಚಳೀಲಿ ಹಿಟ್ಟು ಏಳ್ಲೇ ಇಲ್ಲ," ಅಂದ. "ನಿನ್ನೆ ರಜಾ ಹಾಕಿ ಇಲ್ಲೇ ಕೂತು ಒಂದೇ ಬೆಡ್‌ಶೀಟು ನೆನೆಸಿ ನೆನೆಸಿ ಒಣಗಿಸಿದೆ. ಹೇಗೆ ಬಂದಿದೆ ನೋಡಿ! ಇನ್ಸ್‌ಪೆಕ್ಷನ್ನು ಮಧ್ಯಾಹ್ನ ಅಂದ್ಕೊಂಡಿದ್ದೆ. ಅಷ್ಟರಲ್ಲಿ ಹಳೇ ಪೈಪ್ ವಾಪಸ್ ಹಾಕ್ಬಿಡ್ತಿದ್ದೆ."

"ಹಬ್ಬ ಅಲ್ವಾ ಚಿಕ್ಕಮ್ಮ," ಅಂದಳು ಹುಡುಗಿ, ನೆಲ ನೋಡುತ್ತಾ. "ಬೇಡ ಅನ್ನೋಕೆ ಆಗ್ಲಿಲ್ಲ."

ಯಾರ ರಕ್ತ ಅದು? ಟಾರ್ಟ್ ಹಿಡಿದ ಮುದುಕಿಗೆ ಇಲ್ಲ ಅನ್ನಲಾರದವಳ ರಕ್ತ.

ಮಾಲೀಕ ತಲೆಯಾಡಿಸಿದ. ಗೆದ್ದವನ ಹಾಗಲ್ಲ, ನೊಂದವನ ಹಾಗೆ. "ನಾನು ಮೊದಲೇ ಹೇಳಿದ್ದೆ. ಹಬೆಯೆಲ್ಲ ಇವರೇ ಮಾಡ್ಕೊಳ್ಳೋದು."

ಅಧಿಕಾರಿ ನನ್ನ ಕಡೆ ತಿರುಗಿದಳು. "ನೀವು ಹೇಳಿದ್ದು ನಿಜವೇ ಇರಬಹುದು. ಆದರೆ ನಾನು ಕಣ್ಣಿಗೆ ಕಂಡದ್ದನ್ನೇ ಬರೀಬೇಕು. ಚಾವಣಿ ಚೆನ್ನಾಗಿದೆ. ಪೈಪನ್ನು ಬಾಡಿಗೆಯವರೇ ತಿರುಗಿಸಿ ಕಪಾಟಿನೊಳಗೆ ಬಿಟ್ಟಿದ್ದಾರೆ. ಇದನ್ನ ಮೊದಲು ಹೇಗಿತ್ತೋ ಹಾಗೆ ಮಾಡಿ."

ಮೊದಲು ಹೇಗಿತ್ತೋ ಹಾಗೆ! ಅಂದರೆ ಹುಡುಗಿಯ ನೆತ್ತಿಗೆ. ನಾನು ಯೂರೋಪಿನ ಅರ್ಧ ಕಾರ್ಖಾನೆಗಳ ಬಾಯಿ ಮುಚ್ಚಿಸಿದವಳು, ಮೂರು ಬಕೆಟ್ ಹಿಟ್ಟಿನ ಮುಂದೆ ಬಾಯಿಲ್ಲದೆ ನಿಂತಿದ್ದೆ.

ಆಗ ಮೆಟ್ಟಿಲ ಮೇಲೆ ತುಪ್ಪಳದ ಚಪ್ಪಲಿಯ ಸದ್ದಾಯಿತು. ಅಜ್ಜಿ. ಇಷ್ಟು ಸಿಟ್ಟಾದದ್ದನ್ನು ನಾನು ನೋಡಿರಲಿಲ್ಲ. ನಮ್ಮ ಯಾರನ್ನೂ ಗಮನಿಸದೆ ನೆಟ್ಟಗೆ ಮಾಲೀಕನ ಮುಂದೆ ಬಂದು ನಿಂತಳು.

"ನಿನ್ನೆ ಗುರುವಾರ! ಇಸ್ಪೀಟಿಗೆ ಬಂದವರೆಲ್ಲ ಕೋಟು ಹಾಕ್ಕೊಂಡು ಕೂತಿದ್ದರು. ನೆಲ ಹೆಣದ ಹಾಗೆ ತಣ್ಣಗಿತ್ತು. ಹೆತ್ತ ತಾಯಿಯ ಕಾಲು ಬೆಚ್ಚಗಿರಲಿ ಅಂತ ನೀನೇ ಕೈಯಾರೆ ಮೇಲಕ್ಕೆ ಹಾಕಿಕೊಟ್ಟ ಪೈಪು, ಅದನ್ನ ಯಾರಪ್ಪಾ ಕಿತ್ತಿದ್ದು?"

ಪ್ರತಿ ಭಾನುವಾರ ಅವನ ಜೀಪು ಕೆಳಗೆ ನಿಂತಿರುತ್ತಿತ್ತು. ನಮ್ಮ ಮೇಲೆ ಕಣ್ಣಿಡಲು ಬರುತ್ತಾನೆ ಅಂತ ನಾನು ಇಷ್ಟು ತಿಂಗಳೂ ಪರದೆ ಎಳೆದುಕೊಂಡು ಓಡಾಡುತ್ತಿದ್ದೆ. ಆತ ಅಮ್ಮನ ಮನೆಗೆ ಊಟಕ್ಕೆ ಬರುತ್ತಿದ್ದ!

ಅಧಿಕಾರಿ ಟಾರ್ಚ್ ಮತ್ತೆ ಹೊತ್ತಿಸಿದಳು. "ಮೇಲಕ್ಕೆ ಅಂದರೆ ಎಲ್ಲಿಗೆ ಅಮ್ಮಾ? ಸ್ವಲ್ಪ ತೋರಿಸ್ತೀರಾ?"

ಅಜ್ಜಿ ಉತ್ಸಾಹದಿಂದ ತೋರಿಸಿದಳು. ಮಾಲೀಕ ಕಿವಿಯವರೆಗೆ ಕೆಂಪಾದ. ನನ್ನ ಪಕ್ಕದಲ್ಲಿ ಎಂಜಿನಿಯರು ಸೌಟು ಎದೆಗೊತ್ತಿಕೊಂಡು, ಗದ್ಗದಿತನಾಗಿ ಪಿಸುಗುಟ್ಟಿದ:

"ಎಂಥಾ ಮಗ ನೋಡಿ ಅಕ್ಕ. ನಮ್ಮ ಕಡೆ ಈಗ ಇಂಥವರು ಎಲ್ಲಿ ಸಿಗ್ತಾರೆ?"

ಗೆದ್ದವರು

ಪೈಪನ್ನು ಹೊರಗೆ ಬಿಡಲೇಬೇಕು ಅಂತ ಮಾಲೀಕನಿಗೆ ಆದೇಶವಾಯಿತು. ನಾವು ಗೆದ್ದೆವು. ಯುಗಾದಿ ಕೂಟದಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಇಡ್ಲಿ ಬಹಳ ಮೃದುವಾಗಿತ್ತು, ನಾನು ತಿನ್ನಲಿಲ್ಲ.

ಸ್ವಲ್ಪ ದಿನಕ್ಕೆ ಮಾಲೀಕ ಬಂದ. ಅದೇ ಮೃದು ಮಾತು. "ಪೈಪು ಹೊರಗೆ ಹಾಕಬೇಕಾದರೆ ಗೋಡೆ ಒಡೀಬೇಕು. ಚಾವಣಿ ಬಿಚ್ಚಬೇಕು. ದೊಡ್ಡ ರಿಪೇರಿ. ಅದಕ್ಕೆ ಮನೆ ಖಾಲಿ ಬೇಕು, ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆ. ಮುಗಿದ ಮೇಲೆ ಮೊದಲು ನಿಮ್ಮನ್ನೇ ಕೇಳ್ತೀನಿ." ಕೇಳಿದ ಕೂಡ, ಮಾತಿಗೆ ತಪ್ಪಲಿಲ್ಲ. ಅಷ್ಟು ಹೊತ್ತಿಗೆ ಹುಡುಗಿ ಡೊನೆಗಾಲ್ ಜಿಲ್ಲೆಯ ಲೆಟರ್‌ಕೆನ್ನಿಯ ಆಸ್ಪತ್ರೆಯಲ್ಲಿ ಕೆಲಸ ಹಿಡಿದು ಅಲ್ಲೇ ಮನೆ ಮಾಡಿದ್ದಳು. ನಾನು ಸೂಟ್‌ಕೇಸಿಗೆ ಮರಳಿದ್ದೆ. ಎರಡನೇ ಯುಗಾದಿ ಈ ಸಲವೂ ತಪ್ಪಿತು.

ದೊಡ್ಡ ರಿಪೇರಿಯನ್ನು ಎಂಜಿನಿಯರು ಕೆಳಗಿನಿಂದ ಕಣ್ಣಾರೆ ಕಂಡ. "ಗೋಡೇಲಿ ಒಂದು ತೂತು ಅಕ್ಕ. ಟೀ ಕುಡಿದಿದ್ದೂ ಸೇರಿ ಒಂದು ಬೆಳಗ್ಗೆ."

ಲೆಟರ್‌ಕೆನ್ನಿಯ ಮನೆಯಲ್ಲಿ ಪೈಪಿನ ಕಾಟವಿಲ್ಲ, ಯಾಕೆಂದರೆ ಡ್ರೈಯರೇ ಇಲ್ಲ. ಹಿಂದೆ ಸ್ವಂತ ಅಂಗಳವಿದೆ. ಅಂಗಳವಿದ್ದರೆ ಡ್ರೈಯರ್ ಕೊಡಬೇಕಿಲ್ಲ ಅಂತ ಕಾನೂನು. ಅಂಗಳದ ಮೇಲೆ ಡೊನೆಗಾಲಿನ ಮಳೆಯಿದೆ, ಅದರ ಬಗ್ಗೆ ಕಾನೂನು ಏನೂ ಹೇಳುವುದಿಲ್ಲ. ಸೋಮವಾರ ಹಗ್ಗಕ್ಕೆ ಹಾಕಿದ ಸಲ್ವಾರು ವಾರವಿಡೀ ನೆನೆದು ಇನ್ನಷ್ಟು ಶುಭ್ರವಾಗುತ್ತದೆಯಂತೆ. ನಾನು ಫೋನ್ ಮಾಡಿದಾಗ ಮೊದಲು ಮಾತಾಡುವುದಿಲ್ಲ, ಅವಳ ಉಸಿರು ಕೇಳಿಸಿಕೊಳ್ಳುತ್ತೇನೆ. ಸ್ವಚ್ಛವಾಗಿದೆ.

"ಏನ್ ಚಿಕ್ಕಮ್ಮ, ಲೈನಲ್ಲಿದ್ದೀರಾ?"

"ಇದ್ದೀನಿ ಕಣೇ. ಬಟ್ಟೆ ಒಣಗ್ತಾ?"

"ಮುಂದಿನ ವರ್ಷ."

ಇನ್ನು ಗಾಲ್ವೇಯ ಮನೆ. ಅದು ಯಾರಿಗೆ ಸಿಕ್ಕಿತು ಅಂತ ಹೇಳಬೇಕಿಲ್ಲ. ತೊಟ್ಟಿಲು ಹುಡುಗಿಯ ಕೋಣೆಯಲ್ಲಿ ಸರಿಯಾಗಿ ಹಿಡಿಸಿತಂತೆ. ಮಗುವಿನ ನೆತ್ತಿಯ ಮೇಲೆ ಒಣ ಚಾವಣಿ; ಸಂತೋಷವೇ. ಮೊನ್ನೆ, ನಾನು ಯಾವುದೋ ಏರ್‌ಪೋರ್ಟಿನಲ್ಲಿ ವಿಮಾನಕ್ಕೆ ಕಾಯುತ್ತಿದ್ದಾಗ ಎಂಜಿನಿಯರು ಒಂದು ಫೋಟೋ ಕಳಿಸಿದ. ತಟ್ಟೆಯಲ್ಲಿ ಇಡ್ಲಿಗಳು, ಒಂದೊಂದೂ ಬಾವಿಕಟ್ಟೆಯ ಚಪ್ಪಡಿಯ ಹಾಗೆ. ಕೆಳಗೆ ಬರೆದಿದ್ದ:

"ಅಕ್ಕ, ಪೈಪ್ ಹೊರಗೆ ಹೋದ್ಮೇಲೆ ಹಾಟ್ ಪ್ರೆಸ್ ಐಸ್ ಆಗಿದೆ, ಹಿಟ್ಟು ಏಳ್ತಾನೇ ಇಲ್ಲ. ಮೇಲಿನ ಅಜ್ಜಿ ದಿನಾ ಬಂದು ಕಾಲು ತೋರಿಸಿ ಅಳ್ತಾರೆ. ಓನರ್‌ಗೂ ಬೇಜಾರು. ತಪ್ಪು ತಿಳ್ಕೋಬೇಡಿ, ನೀವೊಬ್ರು ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡಿದ್ದಿದ್ರೆ ಇಡೀ ಬಿಲ್ಡಿಂಗ್ ಬೆಚ್ಚಗಿರ್ತಿತ್ತು."

ನಾನು ಉತ್ತರ ಬರೆದೆ: "ಗ್ರ್ಯಾಂಡ್."